ಹಿಂಡಿನ ಮುಂದೆ ಸೆತುನ್ಯಾ

ಎದುರಿಗೆ ಬರುತ್ತಿರುವವನು ಯಾರು, ಎಲ್ಲಿಯವನು ಎಂದು ಯೋಚಿಸುವಷ್ಟು ಪುರುಸೊತ್ತು ಸೆತುನ್ಯಾಗೆ ಇರಲಿಲ್ಲ.

ಬೆಳಗಿನ ಓಟ ಮುಗಿಸಿ ಆನೆದಾರಿ ಹಿಡಿದು ಕ್ಯಾಂಪಿಗೆ ಮರಳುತ್ತಿದ್ದಳು. ಮುರಿದ ಮೊಪಾನೆ ಮರದ ಕೊಂಬೆಯ ಹಸಿ ವಾಸನೆ ಮೂಗಿಗೆ ಬಡಿಯಿತು. ಕಾಲು ತಾನಾಗಿಯೇ ನಿಂತಿತು. ಪೊದೆಯ ಆಚೆಯಿಂದ ಹೊಟ್ಟೆ ಗುಡುಗುಡಿಸುವ ಸದ್ದು... ಆನೆ! ಜೊತೆಗೊಂದು ಸಣ್ಣ ಕಿರುಚಾಟ. ಅಂದರೆ ಮರಿಯಿರುವ ತಾಯಿ!

ಸದ್ದಾಗದಂತೆ ಹಿಂದೆ ಸರಿಯಬೇಕು ಎನ್ನುವಷ್ಟರಲ್ಲಿ ಮೇಲಿನ ತಿರುವಿನಿಂದ ಸೈಕಲ್ಲೊಂದು ಬಂತು. ಬಂತು ಅಂದರೆ ಹೇಗೆ? ಸದ್ದಿಲ್ಲ, ಸುದ್ದಿಯಿಲ್ಲ, ಬಿಟ್ಟ ಬಾಣದ ಹಾಗೆ! ಸವಾರನ ಮುಖದಲ್ಲಿ ಶಾಲೆಗೆ ರಜೆ ಸಿಕ್ಕ ಹುಡುಗನ ಖುಷಿ.

ಸೆತುನ್ಯಾ ಎರಡೂ ಕೈಯೆತ್ತಿ ಬೀಸಿದಳು.

ಅವನು ನಕ್ಕು, ತಾನೂ ಒಂದು ಕೈಯೆತ್ತಿ ಬೀಸಿದ!

‘ಅಯ್ಯೋ ಪೆದ್ದ! ಸಾವು ಪೊದೆಯಲ್ಲಿ ನಿಂತಿದೆ, ಇವನು ನನಗೆ ಟಾಟಾ ಮಾಡ್ತಿದ್ದಾನಲ್ಲ!’

ಬೇರೆ ದಾರಿ ಉಳಿದಿರಲಿಲ್ಲ. ಸೈಕಲ್ಲು ಪಕ್ಕಕ್ಕೆ ಬಂದ ಕೂಡಲೇ ಹ್ಯಾಂಡಲ್ಲಿಗೆ ಕೈಹಾಕಿ ಮೈಭಾರವನ್ನೆಲ್ಲ ಬಿಟ್ಟು ಎಳೆದಳು. ಸೈಕಲ್ಲು, ಸವಾರ, ಸೆತುನ್ಯಾ ಮೂವರೂ ಒಟ್ಟಿಗೇ ಮುಳ್ಳಿನ ಪೊದೆಯೊಳಗೆ ದಬ್ಬೆಂದು ಬಿದ್ದರು.

"ಏನ್ರೀ ಇದು? ತಲೆ ಕೆಟ್ಟಿ..."

ಮಾತು ಮುಗಿಯುವ ಮುಂಚೆ ಅವಳ ಅಂಗೈ ಅವನ ಬಾಯಿ ಮುಚ್ಚಿತ್ತು. "ಶ್...! ಉಸಿರು ಬಿಡಬೇಡಿ."

ಅವನು ಇನ್ನೊಂದು ಗಳಿಗೆಯಲ್ಲಿ ಹಾಯಬೇಕಿದ್ದ ಜಾಗಕ್ಕೇ ಆನೆ ಬಂದು ನಿಂತಿತು. ಸೊಂಡಿಲೆತ್ತಿ ಗಾಳಿ ಮೂಸಿತು. ಕಾಲುಗಳ ನಡುವೆ ಮರಿ ಇಣುಕಿತು.

ಅವನ ಎದೆ ಡವಗುಟ್ಟುವುದು ಸೆತುನ್ಯಾಳ ಕಿವಿಗೇ ಕೇಳಿಸುತ್ತಿತ್ತು. ಅಥವಾ ಅದು ತನ್ನದೇ ಎದೆಯೋ? ಅವನ ಕಣ್ಣು ಆನೆಯನ್ನು ಬಿಟ್ಟು ತನ್ನನ್ನೇ ನೋಡುತ್ತಿದೆ ಎಂದು ಗೊತ್ತಾದಾಗ ಅವಳ ಕೆನ್ನೆ ಬಿಸಿಯಾಯಿತು. ‘ಇವನಿಗೇನು ಹುಚ್ಚಾ? ಆನೆ ನೋಡೋದು ಬಿಟ್ಟು...!’

ಆನೆ ಮರಿಯನ್ನು ಮುಂದೆ ತಳ್ಳಿಕೊಂಡು ಹೊರಟುಹೋಯಿತು. ಸೆತುನ್ಯಾ ಎದ್ದವಳೇ ಸೊಂಟದ ಮೇಲೆ ಕೈಯಿಟ್ಟಳು.

"ತಿರುವು ಬಂದಾಗ ಬಾಯಲ್ಲಿ ಸದ್ದು ಮಾಡ್ಬೇಕು ಅಂತ ಯಾರೂ ಹೇಳ್ಕೊಟ್ಟಿಲ್ವಾ? ಆನೆಗೆ ಸೈಕಲ್ಲು ಕೇಳಿಸಲ್ಲ ರೀ! ಆಟ ಆಡೋಕೆ ಬಂದಿದ್ರೆ ಕ್ಯಾಂಪಲ್ಲಿ ಟೀ ಕುಡ್ಕೊಂಡು ಕೂತ್ಕೊಳ್ಳಿ!"

ಅವನು ಮೊಣಕೈಯಿಂದ ಮುಳ್ಳು ಕೀಳುತ್ತಾ ಕೇಳಿದ, "ನಿಮ್ಮ ಹೆಸರು?"

"ಯಾಕೆ, ದೂರು ಕೊಡ್ತೀರಾ? ಸೆತುನ್ಯಾ. ಮರೀಬೇಡಿ!"

"ಮರೆಯೋದಾ? ಬೆನ್ನ ತುಂಬ ಮುಳ್ಳಿದೆ ಅಮ್ಮಾ..."

ಅವಳು ತಿರುಗಿಯೂ ನೋಡದೆ ಓಡಿಬಿಟ್ಟಳು.

ಬೆಳಗಿನ ಅಂಬಲಿಯ ಹೊತ್ತಿಗೆ ಕ್ಯಾಂಪಿನ ಮ್ಯಾನೇಜರು ಮಾರ್ಗದರ್ಶಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರು. "ಇವರು ಬಕಾಂಗ. ಮೌನ್ ಊರಿನ ಕಡೆಯವರು. ಇವತ್ತಿನಿಂದ ಸೈಕಲ್ ಮಾರ್ಗದರ್ಶಿಗಳಿಗೆಲ್ಲ ಇವರೇ ಮುಖ್ಯಸ್ಥರು."

ಸೆತುನ್ಯಾ ತಲೆಯೆತ್ತಿದಳು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅದೇ ಮುಖ! ಕೆನ್ನೆಯ ಮೇಲೆ ಮೂರು ಗೀರು ಬೇರೆ!

ಪ್ರವಾಸಿಗರನ್ನು ಈ ಕಾಡಿನಲ್ಲಿ ಸೈಕಲ್ಲಿನ ಮೇಲೆ ಸುತ್ತಿಸುವ ಮಾರ್ಗದರ್ಶಿಯಾಗಲು ಬಂದ ಮೊದಲ ಹೆಣ್ಣು ಅವಳು. ಬಂದು ಒಂದು ವರ್ಷವೂ ತುಂಬಿರಲಿಲ್ಲ. ‘ಮುಗೀತು ನನ್ನ ಕೆಲಸ’ ಎಂದು ಕಣ್ಣು ಮುಚ್ಚಿದಳು.

ಬಕಾಂಗ ಗಂಟಲು ಸರಿಮಾಡಿಕೊಂಡ. "ನಮ್ಮ ಕಡೆ ನೆಲ ತಟ್ಟೆ ಥರ ಚಪ್ಪಟೆ. ಇಲ್ಲಿ ಇಳಿಜಾರು ಸಿಕ್ಕಿದ ಖುಷೀಲಿ ಬೆಳಿಗ್ಗೆ ಮೈಮರೆತೆ. ನನ್ನನ್ನ ಮುಳ್ಳಿಗೆ ತಳ್ಳಿ ಉಳಿಸಿದವರು ಇಲ್ಲೇ ನಿಂತಿದ್ದಾರೆ. ಇನ್ಮೇಲೆ ತಿರುವಲ್ಲಿ ಬಾಯಿ ಮುಚ್ಕೊಂಡು ಬಂದವರಿಗೆ ಇದೇ ಶಿಕ್ಷೆ. ತಳ್ಳೋರು ಅವರೇ!"

ಎಲ್ಲರೂ ಗೊಳ್ಳೆಂದು ನಕ್ಕರು. ಸೆತುನ್ಯಾ ನಗಬಾರದು ಎಂದು ತುಟಿ ಕಚ್ಚಿದಳು. ಆಗಲಿಲ್ಲ.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಗಂಡಸರನ್ನು ನಮ್ಮೂರಲ್ಲಿ ಬೇಕಾದಷ್ಟು ನೋಡಿದ್ದೇವೆ. ಮೀಸೆ ಮಣ್ಣಾಗಿದೆ ಎಂದು ತಾನೇ ಒಪ್ಪಿಕೊಳ್ಳುವವನು ಸಿಕ್ಕರೆ ಯಾವ ಹುಡುಗಿಯ ಮನಸ್ಸು ಸುಮ್ಮನಿರುತ್ತದೆ ಹೇಳಿ!

ಅಲ್ಲಿಂದ ಶುರುವಾಯಿತು. ಅವಳಿಗೆ ಈ ಕಾಡು ಕಾಲಿನಲ್ಲಿ ಗೊತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಸೋದರಮಾವ ಮೊತೀಬಿಯ ಮನೆಯಲ್ಲಿ ಬೆಳೆದವಳು, ಅವರ ದನಗಳ ಹಿಂದೆ ಓಡಿ ಓಡಿಯೇ ಓಟಗಾರ್ತಿಯಾದವಳು. ಬಕಾಂಗನಿಗೆ ಸೈಕಲ್ಲು ಗೊತ್ತಿತ್ತು. ಅವಳು ಅವನಿಗೆ ಹೆಜ್ಜೆಗುರುತು ತೋರಿಸಿದಳು, ಅವನು ಅವಳಿಗೆ ಮರಳಿನಲ್ಲಿ ಸೈಕಲ್ಲು ಓಡಿಸುವುದನ್ನು ಕಲಿಸಿದ.

"ಹ್ಯಾಂಡಲ್ ಬಿಗಿ ಹಿಡೀಬೇಡಿ ಸೆತುನ್ಯಾ. ಸಡಿಲ ಬಿಡಿ. ಅದೇ ದಾರಿ ಹುಡುಕ್ಕೊಳ್ಳುತ್ತೆ."

"ಬಿಟ್ರೆ ಬೀಳ್ತೀನಿ!"

"ಬೀಳಿ. ಮರಳು ತಾನೇ? ಮುಳ್ಳಿನ ಪೊದೆ ಏನಲ್ವಲ್ಲ!"

‘ಇನ್ನೂ ಆ ಮುಳ್ಳು ಬಿಟ್ಟಿಲ್ಲ ಈ ಮನುಷ್ಯ...’ ಅವಳು ಬಿದ್ದಳು, ಎದ್ದಳು, ನಕ್ಕಳು. ಎರಡು ತಿಂಗಳಲ್ಲಿ ಅವನ ಹಿಂದೆಯೇ ಅಂಟಿಕೊಂಡು ಬಂಡೆ ಇಳಿಯುತ್ತಿದ್ದಳು. ಮೂರನೇ ತಿಂಗಳು ಅವನೇ ಅವಳ ಹಿಂದೆ ಬೀಳತೊಡಗಿದ.

ಕ್ಯಾಂಪಿನ ಅಡುಗೆಯಾಕೆ ಗೊರಾಟಾ ಅವಳ ಜೀವದ ಗೆಳತಿ. ಊಟಕ್ಕೆ ಮೊಪಾನೆ ಮರದ ಹುಳು ಹುರಿಯುತ್ತಾ ಕಣ್ಣು ಮಿಟುಕಿಸಿದಳು. "ನಿಮ್ಮ ಸಾಹೇಬ್ರು ಇವತ್ತು ಅನ್ನಕ್ಕೆ ಸಕ್ಕರೆ ಹಾಕ್ಕೊಂಡು ತಿಂದ್ರು ಕಣೇ. ಉಪ್ಪು ಅಂದ್ಕೊಂಡು! ಯಾಕಿರಬಹುದು?"

"ನಂಗೇನೇ ಗೊತ್ತು?"

"ಹೌದಪ್ಪಾ, ನಿಂಗೇನು ಗೊತ್ತು! ಕಿಟಕಿ ಕಡೆ ನೋಡ್ತಾ ತಿಂತಿದ್ರು. ಕಿಟಕಿ ಆಚೆ ನೀನು ಚೈನಿಗೆ ಎಣ್ಣೆ ಹಾಕ್ತಿದ್ದೆ."

ಸೆತುನ್ಯಾ ಅವಳ ಬೆನ್ನಿಗೊಂದು ಗುದ್ದಿದಳು. ಎದೆಯೊಳಗೆ ಹಾಲು ಹೊಯ್ದ ಹಾಗಾಗಿತ್ತು.

ಚಳಿಗಾಲದ ಪಂದ್ಯ ಹತ್ತಿರ ಬಂತು. ಎಲ್ಲೆಲ್ಲಿಂದಲೋ ಸವಾರರು ಬರುತ್ತಾರೆ. ಕಾಡಿನೊಳಗೆ ಸೈಕಲ್ಲು, ಒಣಹೊಳೆ ದಾಟಿದ ಮೇಲೆ ಸೈಕಲ್ಲು ಬಿಟ್ಟು ಓಟ, ಕೊನೆಗೆ ನಮ್ಮ ಮಾಜ್ವೆ ಊರು. ಸವಾರರು ಗುಂಪು ಗುಂಪಾಗಿ ಹೊರಡಬೇಕು, ಪ್ರತಿ ಗುಂಪಿಗೂ ಒಬ್ಬ ಮಾರ್ಗದರ್ಶಿ. ಎಲ್ಲಕ್ಕಿಂತ ವೇಗದ ಗುಂಪನ್ನು ನಡೆಸುವವರ ತೋಳಿಗೆ ಕೆಂಪು ಪಟ್ಟಿ. ಅವರೇ ಇಡೀ ಪಂದ್ಯದ ಮುಂದಾಳು.

ಆ ಬೆಳಿಗ್ಗೆ ಬಕಾಂಗ ಚಕ್ರಕ್ಕೆ ಗಾಳಿ ಹಾಕುತ್ತಾ, ತಲೆಯೆತ್ತದೆ ಹೇಳಿದ. "ಕೆಂಪು ಪಟ್ಟಿ ನಿನಗೆ ಸೆತುನ್ಯಾ."

ಮೊದಲ ಸಲ ‘ನೀನು’ ಎಂದಿದ್ದ! ಯಾವುದಕ್ಕೆ ಮೊದಲು ಖುಷಿಪಡಬೇಕೋ ಅವಳಿಗೆ ತಿಳಿಯಲಿಲ್ಲ.

"ನಿಜವಾಗ್ಲೂ...?"

"ನಿನ್ನಷ್ಟು ಚೆನ್ನಾಗಿ ಈ ದಾರಿ ಓದೋರು ಇಲ್ಲಿ ಯಾರಿದ್ದಾರೆ? ನಾನೂ ಅಲ್ಲ. ನಾಳೆ ಕೊಟ್ಲಾದಲ್ಲಿ ಹಿರಿಯರ ಒಪ್ಪಿಗೆ ತಗೊಂಡ್ರೆ ಆಯ್ತು."

ಓಟದ ದಾರಿ ಊರ ಹುಲ್ಲುಗಾವಲಿನ ಮೇಲೆ ಹಾಯುವುದರಿಂದ ಮುಂದಾಳು ಯಾರೆಂದು ಊರ ಸಭೆಯಾದ ಕೊಟ್ಲಾ ಒಪ್ಪಬೇಕು. ಪ್ರತಿ ವರ್ಷವೂ ಒಪ್ಪುತ್ತಿತ್ತು. ಸೆತುನ್ಯಾ ತಲೆಗೆ ಬಟ್ಟೆ ಕಟ್ಟಿ, ಶಾಲು ಹೊದ್ದು ಹೆಂಗಸರ ಸಾಲಿನಲ್ಲಿ ಕೂತಳು.

ಬಕಾಂಗ ಎದ್ದು ಅವಳ ಹೆಸರು ಹೇಳಿದ. ಊರ ಯಜಮಾನರು ತಲೆಯಾಡಿಸುವಷ್ಟರಲ್ಲಿ ಒಬ್ಬರು ಕುರ್ಚಿಯಿಂದ ಎದ್ದರು.

ಮಾವ ಮೊತೀಬಿ!

"ಹೆಣ್ಣು ಮುಂದಾದ ಹಿಂಡು ಕೊರಕಲಿಗೆ ಬೀಳುತ್ತೆ ಅಂತ ನಮ್ಮ ಅಜ್ಜಂದಿರು ಸುಮ್ನೆ ಹೇಳಿಲ್ಲ," ಎಂದರು ಮಾವ. "ನಾನು ಸಾಕಿದ ಹುಡುಗಿ, ನನಗಿಂತ ಯಾರಿಗೆ ಗೊತ್ತು? ಅಡುಗೆ ಮಾಡ್ಲಿ, ಓಡ್ಲಿ, ಬೇಡ ಅನ್ನಲ್ಲ. ಆದ್ರೆ ಊರಿನ ಹೆಸರು ಹೊತ್ಕೊಂಡು ಮುಂದೆ ಹೋಗೋದು ಗಂಡಸಿನ ಕೆಲಸ."

ಗಂಡಸರ ಸಾಲಿನಲ್ಲಿ ನಗು ಹರಿಯಿತು. ಯಾರೋ "ಕೊರಕಲು ಬೇರೆ ಇದೆ ದಾರೀಲಿ!" ಎಂದು ಒಗ್ಗರಣೆ ಹಾಕಿದರು.

ಸೆತುನ್ಯಾಳ ಕಿವಿ ಕಾದ ಕಬ್ಬಿಣವಾಯಿತು. ಆದರೂ ಭರವಸೆಯಿತ್ತು. ಬಕಾಂಗ ಇದ್ದಾನಲ್ಲ! ‘ಹೇಳು... ನಿನ್ನೆ ನನಗೆ ಹೇಳಿದ್ದನ್ನೇ ಇವರಿಗೂ ಹೇಳು...’

ಯಜಮಾನರು ಕೇಳಿದರು. "ಬಕಾಂಗ, ನೀನೇನಂತೀಯಪ್ಪ?"

ಅವನು ಒಮ್ಮೆ ಮೊತೀಬಿಯ ಕಡೆ ನೋಡಿದ. ಆಮೇಲೆ ತನ್ನ ಬೂಟು ನೋಡಿಕೊಂಡ.

"ಹಿರಿಯರ ಮಾತು ಕೇಳಿಸಿಕೊಂಡೆ..." ಎಂದ. ಅಷ್ಟೇ. ಕೂತುಬಿಟ್ಟ!

ಮೌನ ಬಂಗಾರ ಅಂತಾರೆ. ಆ ದಿನದ ಮೌನಕ್ಕೆ ಬಂಗಾರದ ಬೆಲೆಯಲ್ಲ, ತುಕ್ಕಿನ ಬೆಲೆಯೂ ಇರಲಿಲ್ಲ. ಸೆತುನ್ಯಾಳನ್ನು ಕೊನೆಯ ಗುಂಪಿನ ಬಾಲಕ್ಕೆ ಹಾಕಿ ಸಭೆ ಮುಗಿಸಿದರು.

ಕ್ಯಾಂಪಿನ ಸೈಕಲ್ ಕೊಟ್ಟಿಗೆಯಲ್ಲಿ ಅವಳು ಅವನನ್ನು ಅಡ್ಡಗಟ್ಟಿದಳು. ಕಣ್ಣು ತುಂಬಿದ್ದರೂ ಧ್ವನಿ ನಡುಗಲಿಲ್ಲ.

"ಯಾಕೆ ಸುಮ್ನಿದ್ರಿ?"

"ನಾನು... ಅಲ್ಲಿ ಮಾತಾಡೋ ಹಾಗಿರ್ಲಿಲ್ಲ ಸೆತುನ್ಯಾ."

"ಯಾಕೆ? ಬಾಯಿಗೆ ಬೀಗ ಹಾಕಿದ್ರಾ ಯಾರಾದ್ರೂ?"

"ಹಾಗೇ ಅಂದ್ಕೋ. ಈಗ ಹೇಳೋಕಾಗಲ್ಲ. ಸ್ವಲ್ಪ ದಿನ ತಡ್ಕೋ..."

"ತಡ್ಕೋಬೇಕಾ? ಊರೆಲ್ಲ ನಗೋವಾಗ ನಾನು ನಿಮ್ಮ ಮುಖ ನೋಡಿದೆ. ನೀವು ಬೂಟು ನೋಡಿದ್ರಿ! ಹೇಡಿ ನೀವು!"

ಅವನು ಏಟು ತಿಂದವನ ಹಾಗೆ ನಿಂತ. ಅದನ್ನು ನೋಡಿ ಅವಳಿಗೆ ಇನ್ನಷ್ಟು ಉರಿ ಹತ್ತಿತು.

ಆಮೇಲಿನ ದಿನಗಳು ಹೇಗೆ ಕಳೆದವೋ! ಅವನು ಎಡಕ್ಕೆ ಬಂದರೆ ಇವಳು ಬಲಕ್ಕೆ. ಅವನು "ಸೆತುನ್ಯಾ..." ಎಂದರೆ ಇವಳು "ಕೆಲಸ ಇದೆ ರ‍್ರಾ" ಎಂದು, ಗೊತ್ತಿಲ್ಲದ ಗಂಡಸಿಗೆ ಕೊಡುವ ಮರ್ಯಾದೆ ಕೊಟ್ಟು ಮುಂದೆ ನಡೆಯುತ್ತಿದ್ದಳು. ಅತ್ತು ಅತ್ತು ದಿಂಬು ಒದ್ದೆ ಮಾಡಿದರೂ ಬೆಳಿಗ್ಗೆ ಮಾತ್ರ ಎಂದಿನಂತೆ ಓಡಿದಳು. ಓಟ ಬಿಟ್ಟರೆ ಸೋತ ಹಾಗೆ ಎಂದು ಅವಳ ಹಟ.

ಪಂದ್ಯಕ್ಕೆ ಎರಡು ದಿನ ಉಳಿದಿತ್ತು. ಗೊರಾಟಾ ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ಇದ್ದಕ್ಕಿದ್ದಂತೆ ಜರಡಿ ಕೆಳಗಿಟ್ಟಳು.

"ನಿಂಗೆ ನಿಜವಾಗ್ಲೂ ಗೊತ್ತಿಲ್ವೇನೇ?"

"ಏನು?"

"ಬಕಾಂಗನ ದೊಡ್ಡಪ್ಪಂದಿರು ನಿಮ್ಮ ಮಾವನ ಮನೆಗೆ ಬಂದು ಹೆಣ್ಣು ಕೇಳಿದ್ದಾರೆ ಕಣೇ! ಕೊಟ್ಲಾ ಸೇರೋ ಒಂದು ವಾರ ಮುಂಚೆನೇ! ನಿಮ್ಮತ್ತೆ ಬಾವಿ ಹತ್ರ ನಮ್ಮಮ್ಮನಿಗೆ ಹೇಳಿದ್ರಂತೆ. ನಿಮ್ಮ ಮಾವ ಇನ್ನೂ ಉತ್ತರ ಕೊಟ್ಟಿಲ್ಲ."

ಸೆತುನ್ಯಾ ಅಲ್ಲೇ ಕಟ್ಟಿಗೆ ರಾಶಿಯ ಮೇಲೆ ಕುಸಿದಳು.

ಈಗ ಎಲ್ಲ ಅರ್ಥವಾಯಿತು. ಹೆಣ್ಣು ಕೇಳಲು ಹಿರಿಯರನ್ನು ಕಳಿಸಿದ ಮೇಲೆ, ಉತ್ತರ ಬರುವ ತನಕ ಹುಡುಗ ಹೆಣ್ಣಿನ ಕಡೆಯ ಹಿರಿಯರ ಎದುರು ಚಕಾರ ಎತ್ತಬಾರದು. ಎತ್ತಿದರೆ ಸಂಬಂಧ ಮುರಿದ ಹಾಗೆ. ಹುಡುಗಿಯ ಮುಂದೆಯೂ ಬಾಯಿ ಬಿಡಬಾರದು. ಅದು ನಮ್ಮಲ್ಲಿ ತಲೆಮಾರುಗಳ ಕಟ್ಟು.

ಗೊರಾಟಾ ಕಾತರದಿಂದ ನೋಡಿದಳು. ಈಗ ಇವಳು ನಗುತ್ತಾಳೆ, ನಾಚುತ್ತಾಳೆ, ಓಡಿಹೋಗಿ ಅವನನ್ನು ಅಪ್ಪಿಕೊಳ್ಳುತ್ತಾಳೆ ಎಂದುಕೊಂಡಿದ್ದಳು ಪಾಪ.

ಸೆತುನ್ಯಾ ಎದ್ದಳು. ಕೋಪ ನೆತ್ತಿಗೇರಿತ್ತು!

ಬಕಾಂಗ ಕೊಟ್ಟಿಗೆಯಲ್ಲಿ ಒಬ್ಬನೇ ಇದ್ದ.

"ನನ್ನನ್ನ ಕೇಳಿದ್ರಾ?" ಅವಳು ಬಾಗಿಲಲ್ಲೇ ನಿಂತು ಕೇಳಿದಳು. "ಮಾವನ್ನ ಕೇಳೋ ಮುಂಚೆ ನನ್ನನ್ನ ಒಂದು ಮಾತು ಕೇಳಿದ್ರಾ?"

ಅವನ ಮುಖ ಬಿಳುಚಿತು. "ಗೊತ್ತಾಯ್ತಾ... ದೊಡ್ಡಪ್ಪಂದಿರು ಈ ಕಡೆ ಬರೋರಿದ್ರು. ನಾವೇ ಮಾತು ಶುರು ಮಾಡ್ತೀವಿ ಅಂದ್ರು. ನಾನು ಬೇಡ ಅನ್ನಲಿಲ್ಲ. ನಿನ್ನ ಕಣ್ಣು ನೋಡಿ, ನೀನೂ ಒಪ್ತೀಯ ಅಂದ್ಕೊಂಡೆ..."

"ಒಪ್ತಿದ್ದೆ!" ಮಾತು ಬಾಯಿಂದ ಹಾರಿಹೋಯಿತು. ಹೋದದ್ದಕ್ಕೆ ಅವಳು ನಾಚಲಿಲ್ಲ. "ಕೇಳಿದ್ರೆ ಅವತ್ತೇ ಒಪ್ತಿದ್ದೆ. ಆದ್ರೆ ನೀವು ನನ್ನ ಜಾಗ ಬಿಟ್ಟುಕೊಟ್ಟು ನನ್ನನ್ನ ಪಡ್ಕೊಳ್ಳೋಕೆ ಹೊರಟ್ರಿ. ಊರ ಮುಂದೆ ತಲೆ ತಗ್ಗಿಸಿದ ಹೆಣ್ಣನ್ನ ಕಟ್ಕೊಂಡು ಏನ್ಮಾಡ್ತೀರಾ ಬಕಾಂಗ? ನಾನು ಓಡಿ ಓಡಿ ಸಂಪಾದಿಸಿದ್ದು ಅದೊಂದೇ! ನನ್ನ ಮಾನ!"

"ತಪ್ಪಾಯ್ತು ಸೆತುನ್ಯಾ..."

"ಕೊಟ್ಟಿಗೇಲಿ ತಪ್ಪಾಯ್ತು ಅಂದ್ರೆ ಸೈಕಲ್ಲು ಕೇಳಿಸ್ಕೊಳ್ಳುತ್ತೆ. ಬೀಗ ಹಾಕ್ಕೊಂಡಿದ್ದು ಊರ ಮುಂದೆ. ತೆಗೆಯೋದಿದ್ರೆ ಅಲ್ಲೇ ತೆಗೀರಿ."

ಅವಳು ಹೊರಟುಹೋದಳು. ಬಕಾಂಗ ಎರಡನ್ನೂ ತೂಗಿ ನೋಡಿದ. ಬಾಯಿ ತೆರೆದರೆ ಅವಳು ಕೈತಪ್ಪುತ್ತಾಳೆ. ತೆರೆಯದಿದ್ದರೂ ಕೈತಪ್ಪುತ್ತಾಳೆ...

ಪಂದ್ಯದ ಬೆಳಿಗ್ಗೆ ಬಯಲಿನ ತುಂಬ ಜನ. ಸವಾರರು ಚಳಿಗೆ ಕೈ ಉಜ್ಜುತ್ತಿದ್ದರು. ಊರಿನವರು ಕಂಬಳಿ ಹೊದ್ದು ನಿಂತಿದ್ದರು. ಯಜಮಾನರ ಪಕ್ಕದಲ್ಲೇ ಮಾವ ಮೊತೀಬಿ, ಇಸ್ತ್ರಿ ಮಾಡಿದ ಕೋಟು, ಕೈಯಲ್ಲಿ ಕೋಲು. ಕೆಂಪು ಪಟ್ಟಿ ಬಕಾಂಗನ ತೋಳಿನಲ್ಲೇ ಇತ್ತು. ಅಷ್ಟು ವೇಗದ ಬೇರೆ ಗಂಡಸು ಸಿಗದೆ ಅವನೇ ಮುಂದಾಳಾಗಬೇಕಾಗಿತ್ತು.

ಸೆತುನ್ಯಾ ಕೊನೆಯ ಗುಂಪಿನ ಹಿಂದೆ ನಿಂತು ಹಲ್ಲು ಕಚ್ಚಿ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದಳು.

ಯಜಮಾನರು ಹರಸಲು ಕೈಯೆತ್ತಿದರು. ಅಷ್ಟರಲ್ಲಿ ಬಕಾಂಗ ಸೈಕಲ್ಲು ನೆಲಕ್ಕೆ ಮಲಗಿಸಿ ಮುಂದೆ ಬಂದ. ಟೋಪಿ ತೆಗೆದ.

"ಹಿರಿಯರೇ, ಮಾತಾಡೋಕೆ ಅಪ್ಪಣೆ ಬೇಕು. ಮೊತೀಬಿ ಹಿರಿಯರ ಎದುರು ನಾನು ಬಾಯಿ ಬಿಡಬಾರದು. ಯಾಕೆ ಅಂತ ಅವರಿಗೆ ಗೊತ್ತು. ಈಗ ನಿಮಗೂ ಗೊತ್ತಾಗ್ಲಿ. ಅವರ ಸೋದರಸೊಸೆಯನ್ನ ಕೇಳೋಕೆ ನಮ್ಮ ಹಿರಿಯರನ್ನ ಕಳಿಸಿದ್ದೀನಿ."

ಬಯಲೆಲ್ಲ ಗುಸುಗುಸು. ಮೊತೀಬಿಯ ಕೋಲು ನೆಲಕ್ಕೆ ಕುಟ್ಟಿತು. "ಏಯ್ ಹುಡುಗಾ, ಬಾಯಿ ಮುಚ್ಚು!"

"ಅವತ್ತು ಮುಚ್ಚಿದ್ದೆ ಹಿರಿಯರೇ. ಹೆಣ್ಣು ಕೈತಪ್ಪುತ್ತೆ ಅನ್ನೋ ಭಯಕ್ಕೆ ನಿಜ ನುಂಗಿಕೊಂಡೆ. ಅದು ಹೇಡಿತನ!" ಅವನು ಊರಿನವರತ್ತ ತಿರುಗಿದ. "ಈ ಕಾಡಲ್ಲಿ ಸೆತುನ್ಯಾಗಿಂತ ಒಳ್ಳೆ ಮುಂದಾಳು ಇಲ್ಲ. ನಾನೂ ಅಲ್ಲ. ಈ ಪಟ್ಟಿ ಅವಳದ್ದು. ಸಂಬಂಧ ಮುರೀತೀರಾ ಅಂದ್ರೆ ಮುರೀರಿ. ಈ ಮಾತು ಮಾತ್ರ ವಾಪಸ್ ತಗೊಳ್ಳಲ್ಲ."

ಸೆತುನ್ಯಾ ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದಳು. ‘ಹೇಳಿಬಿಟ್ಟ... ಎಲ್ಲರ ಮುಂದೆ ಹೇಳಿಬಿಟ್ಟ!’

ಯಜಮಾನರು ಮೊತೀಬಿಯತ್ತ ತಿರುಗಿದರು. "ನೀನೇನಂತೀಯ?"

ಮಾವನ ಗಂಟಲ ನರ ಉಬ್ಬಿತ್ತು. "ಏನನ್ನೋದು? ಹೆಣ್ಣು ಕೇಳೋಕೆ ಕಳಿಸಿ ಎದುರು ಮಾತಾಡಿದ. ಒಂದು ಎತ್ತು ದಂಡ! ಸಂಬಂಧದ ಮಾತು ಇಲ್ಲಿಗೇ ಮುಗೀತು!"

"ದಂಡ ಸರಿ," ಎಂದರು ಯಜಮಾನರು ನಿಧಾನವಾಗಿ. "ಸಂಬಂಧ ನಿನ್ನಿಷ್ಟ. ಆದ್ರೆ ಪಂದ್ಯ ಊರಿಂದು. ತನಗೆ ನಷ್ಟ ಅಂತ ಗೊತ್ತಿದ್ದೂ ಒಬ್ಬ ಗಂಡಸು ನಿಜ ಹೇಳಿದ್ರೆ ನಾನು ಕೇಳ್ತೀನಿ. ಹುಡುಗಿ ಮುಂದೆ ಹೋಗ್ಲಿ."

ಬಕಾಂಗ ಪಟ್ಟಿ ಬಿಚ್ಚಿ ಅವಳ ತೋಳಿಗೆ ಕಟ್ಟಿದ.

"ಸಂಬಂಧ ಹೋಯ್ತಲ್ಲ..." ಅವಳು ಪಿಸುಗುಟ್ಟಿದಳು.

"ನಿನ್ನ ಜಾಗ ಬಂತು. ಹೋಗು. ಬಾಲದಲ್ಲಿ ನಾನಿರ್ತೀನಿ."

ಹೊರಟಳು ನೋಡಿ ಸೆತುನ್ಯಾ! ಹಿಂದೆ ದೂರದೂರದ ಊರುಗಳ ಗಟ್ಟಿ ಸವಾರರು. ಮುಂದೆ ಬೆಳಗಿನ ಬಿಸಿಲು, ಕೆಂಪು ಮಣ್ಣಿನ ಆನೆದಾರಿ. ಬಂಡೆಯ ಮೇಲೆ ಹಾರಿದಳು, ಮರಳಿನಲ್ಲಿ ಸಡಿಲ ಬಿಟ್ಟಳು, ಪ್ರತಿ ತಿರುವಿನಲ್ಲಿ "ಹೋ... ಹೋ..." ಎಂದು ಕೂಗಿದಳು. ಝೀಬ್ರಾಗಳು ದಾರಿ ಬಿಟ್ಟು ಸರಿದವು. ಅವಳನ್ನು ಹಿಂದೆ ಹಾಕಲು ನೋಡಿದ ಸವಾರರಿಗೆ ಅವಳ ಧೂಳು ಮಾತ್ರ ಸಿಕ್ಕಿತು.

ಒಣಹೊಳೆಯ ಕೊರಕಲು ಬಂತು.

ಗುರುತು ಹಾಕಿದ ದಾರಿ ನೇರ ಕೆಳಗಿಳಿಯುತ್ತಿತ್ತು. ಸೆತುನ್ಯಾ ಮುಷ್ಟಿ ಎತ್ತಿದಳು. ಗುಂಪೆಲ್ಲ ಗಕ್ಕನೆ ನಿಂತಿತು.

ದಾರಿಯಲ್ಲಿ ಲದ್ದಿ ಹಬೆಯಾಡುತ್ತಿತ್ತು. ಒಂದು ಚಿಟಿಕೆ ಧೂಳು ಹಾರಿಬಿಟ್ಟು ಗಾಳಿ ನೋಡಿದಳು. ಕೆಳಗಿನ ಮರಳಿನಲ್ಲಿ ಆನೆಗಳು ನೀರಿಗಾಗಿ ಅಗೆಯುವ ಸದ್ದು.

"ಯಾಕೆ ನಿಂತ್ರಿ?" ಜೋಹಾನ್ಸ್‌ಬರ್ಗಿನ ಸವಾರನೊಬ್ಬ ಸಿಡುಕಿದ. "ಇಷ್ಟು ದೂರ ಬಂದಿರೋದು ನಿಂತ್ಕೊಳ್ಳೋಕಾ? ದಾರಿ ಇಲ್ಲೇ ಇದೆಯಲ್ಲ!"

"ಇದೆ. ಇಳೀರಿ ಬೇಕಿದ್ರೆ. ನಿಮ್ಮ ಸೈಕಲ್ಲನ್ನ ಜೋಪಾನವಾಗಿ ಮನೆಗೆ ಕಳಿಸ್ತೀವಿ."

ಅವನು ಬಾಯಿ ಮುಚ್ಚಿದ.

ಸೆತುನ್ಯಾ ಅಂಚಿಗೆ ಬಂದು ಕೆಳಗೆ ಇಣುಕಿದಳು. ‘ಇಲ್ಲಿ ಒಬ್ಬರು ಬಿದ್ರೂ ಸಾಕು, ನಾನು ಸಾಯೋ ತನಕ ಆ ಗಾದೆ ನನ್ನ ಹಿಂದೆ ಬರುತ್ತೆ... ನನ್ನ ಹಿಂದೆ ಬರೋ ಹೆಣ್ಣುಮಕ್ಕಳಿಗೂ ಬರುತ್ತೆ.’

ಹಿಂದಿನ ಗುಂಪುಗಳಿಗೆ ತಿಳಿಯಲಿ ಎಂದು ದಾರಿಗೆ ಅಡ್ಡ ಕೊಂಬೆ ಎಳೆದಳು. ಸೈಕಲ್ಲು ಹೆಗಲಿಗೇರಿಸಿದಳು. "ನನ್ನ ಹಿಂದೆ ಬನ್ನಿ. ಓಡಬೇಕು. ಮಾತು ಬೇಡ."

ಕೊರಕಲಿನ ಅಂಚು ಹಿಡಿದು ಮೇಲಕ್ಕೆ ಓಡಿದಳು. ಕಲ್ಲು, ಮುಳ್ಳು, ಏರು. ಗಟ್ಟಿ ಸವಾರರೆಲ್ಲ ಏದುಸಿರು ಬಿಟ್ಟರು. ಅಲ್ಲಿತ್ತು ಹಳೆಯ ದನದ ದಾರಿ! ಚಿಕ್ಕಂದಿನಲ್ಲಿ ಮಾವನ ದನ ಹೊಡೆದುಕೊಂಡು ದಿನವೂ ದಾಟಿದ್ದು. ಗೊರಸು ಸವೆಸಿದ ಮೆಟ್ಟಿಲುಗಳಂಥ ದಾರಿಯಲ್ಲಿ ಒಬ್ಬೊಬ್ಬರನ್ನೇ ಇಳಿಸಿದಳು, ಒಬ್ಬೊಬ್ಬರನ್ನೇ ಹತ್ತಿಸಿದಳು. ಒಬ್ಬರೂ ಬೀಳಲಿಲ್ಲ.

ಆಚೆ ದಡ ಹತ್ತಿ ತಿರುಗಿ ನೋಡಿದರೆ ಕೆಳಗೆ ಆನೆಗಳ ಹಿಂಡು ಸಾಲಾಗಿ ದಾಟುತ್ತಿತ್ತು. ಸಿಡುಕಿದ್ದ ಸವಾರ ಮೆಲ್ಲನೆ ಕೇಳಿದ.

"ಮುಂದಿರೋದು ದೊಡ್ಡ ಗಂಡಾನೆನಾ?"

"ಅಲ್ಲ, ಅಜ್ಜಿ," ಎಂದಳು ಸೆತುನ್ಯಾ. "ನಾವು ಬಂದ ದಾರಿಯೆಲ್ಲ ಅವಳ ಮನೆತನದವರು ಹಾಕಿದ್ದು."

ಅಲ್ಲಿಂದ ಮುಂದೆ ಸೈಕಲ್ಲಿಳಿದು ಓಟ. ಓಟ ಅಂದರೆ ಅವಳ ರಾಜ್ಯ! ಹುಲ್ಲುಗಾವಲು ದಾಟಿ ಮಾಜ್ವೆ ಊರಿನ ಗಡಿಗೆ ಬಂದಾಗ ತೋಳಿನಲ್ಲಿ ಕೆಂಪು ಪಟ್ಟಿ, ಹಿಂದೆ ಒಬ್ಬರೂ ಕಡಿಮೆಯಾಗದ ಗುಂಪು. ಹೆಂಗಸರು ನಾಲಗೆ ಹೊರಳಿಸಿ ಉಲಿದರು. "ಪುಲಾ! ಪುಲಾ!" ಎಂದು ಊರೇ ಮಳೆಯನ್ನು ಕೂಗಿ ಹರಸಿತು. ಗೊರಾಟಾ ಸೌಟು ಹಿಡಿದೇ ಕುಣಿದಳು.

ಮಾವ ಮಾತ್ರ ಬೇಲಿಯ ಪಕ್ಕ ಕಲ್ಲಿನ ಹಾಗೆ ನಿಂತಿದ್ದರು. ಸವಾರರ ಬಾಯಿಂದ ಕೊರಕಲಿನ ಸುದ್ದಿ ಅವರ ಕಿವಿಗೆ ಬಿದ್ದಿತ್ತು.

"ಯಾವ ಕಡೆ ದಾಟಿಸಿದೆ?"

"ನಮ್ಮ ದನದ ದಾರಿ ಮಾವ. ನೀವೇ ತೋರಿಸಿದ್ದು."

ಮುದುಕರು ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡರು. "ನಿಮ್ಮಪ್ಪ ಹೋದ ಮೇಲೆ ನಿನಗೆ ಏನಾದ್ರೂ ಆದ್ರೆ ಅನ್ನೋ ಭಯ ಕಣೇ ನಂಗೆ... ಭಯಕ್ಕೆ ಗಾದೆ ಅಡ್ಡ ಹಿಡಿದೆ."

ಆಮೇಲೆ ಕೋಲೆತ್ತಿ, ಊರಿಗೆಲ್ಲ ಕೇಳುವ ಹಾಗಲ್ಲ, ಕಾಡಿಗೇ ಕೇಳುವ ಹಾಗೆ ಕೂಗಿದರು. "ನಾರೆ! ನಾರೆ!"

ನಾರೆ ಅಂದರೆ ಕಾಡೆಮ್ಮೆ. ಅವಳ ಅಪ್ಪನ ಕುಲದ ಪ್ರಾಣಿ. ಒಬ್ಬರನ್ನು ಕುಲದ ಹೆಸರಿನಿಂದ ಕೂಗುವುದಕ್ಕಿಂತ ದೊಡ್ಡ ಮರ್ಯಾದೆ ನಮ್ಮಲ್ಲಿಲ್ಲ. ಸೆತುನ್ಯಾಳ ತಲೆ ತಾನಾಗಿಯೇ ಎತ್ತರವಾಯಿತು. ತಡೆದಿಟ್ಟ ಕಣ್ಣೀರೆಲ್ಲ ಅಲ್ಲೇ ಇಳಿಯಿತು.

"ಆ ಹುಡುಗನ ಕಡೆಯವರಿಗೆ ಮತ್ತೆ ಬರೋಕೆ ಹೇಳಿ ಕಳಿಸ್ತೀನಿ," ಎಂದರು ಮಾವ ಮೂಗೊರೆಸುತ್ತಾ. "ಎತ್ತು ಮಾತ್ರ ಬಿಡಲ್ಲ!"

"ತಡೀರಿ ಮಾವ. ಮೊದಲು ಅವನು ನನ್ನನ್ನ ಕೇಳ್ಲಿ."

ಎಲ್ಲರೂ ಬಂದು, ಊಟಕ್ಕೆ ಕೂತ ಮೇಲೆ ಕೊನೆಯ ಸವಾರನನ್ನು ಕರೆದುಕೊಂಡು ಬಕಾಂಗ ಬಂದ. ಇಡೀ ಪಂದ್ಯದ ಧೂಳು ಅವನೊಬ್ಬನ ಮೇಲೇ ಕೂತ ಹಾಗಿತ್ತು. ಕಣ್ಣು ಹಲ್ಲು ಬಿಟ್ಟರೆ ಬೇರೇನೂ ಕಾಣದು. ಸೆತುನ್ಯಾ ಎದುರು ಹೋಗಿ ನಿಂತಳು.

"ಎಲ್ಲರೂ ಕ್ಷೇಮನಾ?" ಅವನು ಮೊದಲು ಕೇಳಿದ್ದು ಅದೇ.

"ಎಲ್ಲರೂ. ಇನ್ನೇನಾದ್ರೂ ಕೇಳೋದಿದೆಯಾ?"

ಅವನು ಮೊತೀಬಿಯ ಕಡೆ ನೋಡಿದ. ಅವಳು ಅವನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿದಳು.

"ಅಲ್ಲಿ ಅಲ್ಲ. ಇಲ್ಲಿ ನೋಡಿ ಕೇಳು!"

‘ಕೇಳು’ ಎಂದಳು. ಇವತ್ತು ಅವಳ ಬಾಯಲ್ಲೂ ‘ನೀನು’ ಬಂತು. ಊಟಕ್ಕೆ ಕೂತಿದ್ದವರೆಲ್ಲ ಕೈ ತಡೆದರು.

"ಸೆತುನ್ಯಾ... ನನ್ನ ಕೈ ಹಿಡೀತೀಯಾ?" ಅವನು ಅವಳ ತೋಳಿನ ಪಟ್ಟಿಯ ಕಡೆ ಬೆರಳು ತೋರಿಸಿದ. "ಬೇಡ ಅಂದ್ರೂ ಆ ಪಟ್ಟಿ ನಿಂದೇ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಇದು ಪದ್ಧತಿ ಅಲ್ಲ!" ಎಂದು ಮಾವ ಗೊಣಗಿದರು. ಅತ್ತೆ ಅವರ ಬಾಯಿಗೆ ಮಾಂಸದ ತುಂಡು ತುರುಕಿದಳು.

"ಹಿಡೀತೀನಿ," ಎಂದಳು ಸೆತುನ್ಯಾ. ಊರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.

ಅವನು ನಕ್ಕ. ಧೂಳಿನ ಕೆನ್ನೆಯ ಮೇಲೆ ಎರಡು ಗೆರೆ ಒದ್ದೆಯಾಗಿ ಇಳಿದವು. ಆಮೇಲೆ ಅವಳಿಗೆ ಮಾತ್ರ ಕೇಳುವಂತೆ ಬಾಗಿದ.

"ಇನ್ನು ಜೀವನಪೂರ್ತಿ ನಿನ್ನ ಹಿಂದೆ ಧೂಳು ತಿನ್ನಬೇಕೇನೋ?"

"ಯಾಕೆ? ದಾರಿ ಅಗಲ ಇದ್ದ ಕಡೆ ಪಕ್ಕದಲ್ಲಿ ಬಾ."

"ಇಕ್ಕಟ್ಟಾದ ಕಡೆ?"

ಅವಳು ಶಾಲಿನ ತುದಿಯಿಂದ ಅವನ ಮುಖದ ಧೂಳು ಒರೆಸಿದಳು.

"ಇಕ್ಕಟ್ಟಾದ ಕಡೆ... ನಾನೇ ಮುಂದೆ!"